ತೃಪ್ತಿ ಎಷ್ಟು ಇಂಚು?

ನಮ್ಮ ಮಾವನ ಬಾಯಿಂದ ‘ಚೆನ್ನಾಗಿದೆ’ ಎಂಬ ಮೆಚ್ಚುಗೆಯ ಮಾತನ್ನು ಕಿವಿಯಾರೆ ಕೇಳಿದವರು ಈ ದೊಡ್ಡಬಳ್ಳಾಪುರದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು. ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಅವರಿಗೊಂದು ಮಸಾಲೆ ದೋಸೆ, ಮೇಲೊಂದು ಕಾಫಿ, ಎರಡೂ ನನ್ನ ಕಡೆಯಿಂದ. ಬುದ್ಧಿ ತಿಳಿದಾಗಿನಿಂದ ಹೀಗೆ ಸಾರಿಕೊಂಡು ಬಂದಿದ್ದೇನೆ. ಒಬ್ಬರಾದರೂ ದೋಸೆಗೆ ಬಂದಿದ್ದರೆ ಕೇಳಿ!

ಇಂಥ ಮನುಷ್ಯನಿಗೆ ಊರಿನ ರೋಗಿಗಳ ತೃಪ್ತಿಯನ್ನು ಅಳೆಯುವ ಕೆಲಸ ಒಪ್ಪಿಸಿದರು ಎಂದರೆ ನೀವು ನಗುತ್ತೀರಿ. ನಾನೂ ನಕ್ಕೆ. ಆಮೇಲೆ ಆ ಅಳತೆಯ ಲೆಕ್ಕ ಬರೆಯುವ ಕೆಲಸ ನನ್ನ ತಲೆಗೇ ಬಂತು ನೋಡಿ, ಆಗ ನಗು ನಿಂತಿತು. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವವಳು ನಾನು. ನಮ್ಮ ವಂಶದಲ್ಲಿ ಯಾರಿಗೆ ಏನನ್ನು ಕೂಡಿಸಿ ಕಳೆಯಬೇಕಾದರೂ ನನ್ನನ್ನೇ ಹಿಡಿಯುತ್ತಾರೆ.

ಮಾವ ಎಂದರೆ ನಮ್ಮಪ್ಪನ ಅಕ್ಕನ ಗಂಡ. ನಮ್ಮ ಮನೆಯಿಂದ ಎರಡು ಬೀದಿ ದಾಟಿದರೆ ಅವರ ಮನೆ. ನಮ್ಮೂರಿನಲ್ಲಿ ಹಕ್ಕಿ ಕೂಗುವುದಕ್ಕೆ ಮೊದಲೇ ಪವರ್‌ಲೂಮ್ ಮಗ್ಗಗಳು ಕೂಗುತ್ತವೆ. ಆ ಮಗ್ಗಗಳಿಂದ ಇಳಿದ ಸೀರೆಗಳು ಅಂಗಡಿಗೆ ಹೋಗುವ ಮೊದಲು ಒಬ್ಬರು ಕಣ್ಣಿಟ್ಟು ನೋಡಬೇಕು. ಎಳೆ ಬಿಟ್ಟಿದೆಯೇ, ಜರಿ ಸುಕ್ಕಾಗಿದೆಯೇ, ಎಣ್ಣೆ ಕಲೆ ಬಿದ್ದಿದೆಯೇ? ಇದಕ್ಕೆ ಚೆಕಿಂಗ್ ಎನ್ನುತ್ತಾರೆ. ಮಾವ ಮೂವತ್ತೈದು ವರ್ಷ ಇದನ್ನೇ ಮಾಡಿದರು. ಸೀರೆಯನ್ನು ಬೆಳಕಿಗೆ ಹಿಡಿದು, ಮೊಸರಿನಲ್ಲಿ ಕಲ್ಲು ಹುಡುಕುವ ಹಾಗೆ ಹುಡುಕಿ, ತಪ್ಪು ಸಿಕ್ಕ ಕೂಡಲೇ ಕೊರಳಿನ ಟೇಪು ಇಳಿಸಿ, ಎಷ್ಟು ಇಂಚು ಕೆಟ್ಟಿದೆ ಎಂದು ಅಳೆದು, ಅಲ್ಲೇ ಅಂಚಿಗೊಂದು ಕೆಂಪು ದಾರ ಕಟ್ಟುತ್ತಿದ್ದರು. ತಪ್ಪಿಲ್ಲದ ಸೀರೆಗೆ ಏನು ಮಾಡುತ್ತಿದ್ದರು ಅಂತೀರಾ? ಏನೂ ಇಲ್ಲ. ಮಡಿಸಿ ಪಕ್ಕಕ್ಕಿಟ್ಟು ಮುಂದಿನದಕ್ಕೆ ಕೈ ಹಾಕುತ್ತಿದ್ದರು. ಊರಿನ ನೇಕಾರರೆಲ್ಲ ಅವರನ್ನು ಚೆಕಿಂಗಣ್ಣ ಅಂತಲೇ ಕರೆಯುವುದು.

ಈ ಚಟ ಮಗ್ಗದ ಮನೆಯಲ್ಲೇ ಉಳಿದಿದ್ದರೆ ಪರವಾಗಿರಲಿಲ್ಲ. ಮದುವೆಯ ಮಂಟಪಕ್ಕೂ ಬಂತು! ಧಾರೆಯ ಹೊತ್ತಿನಲ್ಲಿ ಪುರೋಹಿತರು, “ಹುಡುಗಿ ಮುಖ ನೋಡಪ್ಪಾ” ಎಂದರೆ ಮಾವ ಸೆರಗು ನೋಡಿದರಂತೆ. ನೋಡಿ, ಹುಬ್ಬು ಗಂಟಿಕ್ಕಿ, ತಲೆ ಅಲ್ಲಾಡಿಸಿದರಂತೆ. ಹುಡುಗಿಯಲ್ಲೇ ಏನೋ ಐಬು ಕಂಡಿತೆಂದು ನಮ್ಮ ತಾತನ ಎದೆ ಧಸಕ್ ಎಂದಿತು. ಇಡೀ ಮಂಟಪ ಉಸಿರು ಬಿಗಿಹಿಡಿದಿದ್ದಾಗ ಮಾವ ಬಾಸಿಂಗ ಕಟ್ಟಿಕೊಂಡೇ ಬಗ್ಗಿ, “ಒಂದೂಕಾಲು ಇಂಚು ಎಳೆ ಬಿಟ್ಟಿದೆ. ಯಾರ ಮಗ್ಗದ್ದು ಇದು?” ಎಂದರಂತೆ.

“ಅವತ್ತೇ ಎದ್ದು ಹೋಗ್ಬೇಕಿತ್ತು ಕಣೇ ನಾನು” ಎನ್ನುತ್ತಾರೆ ನಮ್ಮತ್ತೆ. “ಬೆಳಗ್ಗಿಂದ ಉಪವಾಸ ಇದ್ದೆ. ಊಟ ಒಂದು ಆಗ್ಬಿಡ್ಲಿ ಅಂತ ಕೂತ್ಕೊಂಡೆ. ಕೂತಿದ್ದು ಕೂತ್ಹಾಗೇ ಆಯ್ತು!”

ಆ ಕೂತಿದ್ದರಲ್ಲಿ ಅತ್ತೆ ಏನೆಲ್ಲ ಕೇಳಿಲ್ಲ! ಉಪ್ಪಿಟ್ಟಿನಲ್ಲಿ ಸಾಸಿವೆಯೆಲ್ಲ ಒಂದೇ ಕಡೆ ಸೇರಿಕೊಂಡಿದೆ. ರಂಗೋಲಿಯ ಬಲಗಡೆಯ ದಳ ಎಡಗಡೆಯದಕ್ಕಿಂತ ಕಾಲು ಇಂಚು ಗಿಡ್ಡ. ಚಪಾತಿ ದುಂಡಗಿದೆ, ಆದರೆ ದುಂಡಗಿರುವುದು ನಡುವೆ ಮಾತ್ರ. ಈ ಕೊನೆಯ ಆಪಾದನೆಯ ಅರ್ಥ ಲೆಕ್ಕದ ಟೀಚರಾದ ನನಗೂ ಇವತ್ತಿನವರೆಗೆ ಆಗಿಲ್ಲ.

ಎರಡು ವರ್ಷದ ಹಿಂದೆ ಅತ್ತೆಯ ಬಲಭುಜ ಹಿಡಿದುಕೊಂಡಿತು. ವರ್ಷಗಟ್ಟಲೆ ಮಗ್ಗಕ್ಕೆ ನೂಲು ಸುತ್ತಿದ ಕೈ ಅದು. ಒಂದು ದಿನ ಎದೆಮಟ್ಟಕ್ಕಿಂತ ಮೇಲೆ ಏಳುವುದಿಲ್ಲ ಎಂದು ಹಟ ಹಿಡಿಯಿತು. ದೊಡ್ಡಾಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು, ಮಾತ್ರೆ ಕೊಟ್ಟರು. ಮಾತ್ರೆ ಅತ್ತೆಯ ಹೊಟ್ಟೆಗೆ ಆಗಿಬರಲಿಲ್ಲ. ಆಗ ಮಾವ ಬೇರೆ ವೈದ್ಯಗಳ ದಾರಿ ಹಿಡಿದರು. ಆದರೆ ಅತ್ತೆಯನ್ನು ನೇರವಾಗಿ ಯಾರ ಕೈಗೂ ಕೊಡಲಿಲ್ಲ. ಒಂದು ಲಾಟ್ ಕೊಳ್ಳುವ ಮುಂಚೆ ಒಂದು ಸ್ಯಾಂಪಲ್ ಪೀಸ್ ನೋಡಬೇಕಲ್ಲ? ಆ ಸ್ಯಾಂಪಲ್ ಪೀಸ್ ತಾವೇ ಆದರು! ಮೈಯಲ್ಲಿ ಒಂದು ನೆಗಡಿಯೂ ಇಲ್ಲದ ಮನುಷ್ಯ ವೈದ್ಯರ ಮನೆಗಳಿಗೆ ನಡೆದದ್ದೇ ನಡೆದದ್ದು.

ಮೊದಲು ಹೋಮಿಯೋಪತಿ. ಅಲ್ಲಿಯ ಡಾಕ್ಟರು ಮದ್ದಿಗಿಂತ ಮೊದಲು ಮನಸ್ಸನ್ನು ತಿಳಿಯುವವರು. ಒಂದು ಗಂಟೆ ಪ್ರಶ್ನೆ ಕೇಳಿದರಂತೆ.

“ಮಳೆ ಬಂದ್ರೆ ನಿಮಗೆ ಅಳು ಬರತ್ತಾ?”

“ಬರತ್ತೆ. ಮಗ್ಗದ ಮನೆ ಶೀಟು ಸೋರತ್ತೆ.”

“ಒಬ್ಬರೇ ಇರಬೇಕು ಅನ್ಸತ್ತಾ?”

“ಈಗ ಅನ್ನಿಸ್ತಾ ಇದೆ.”

ಸಕ್ಕರೆ ಗುಳಿಗೆಯ ಸೀಸೆ ತಂದವರು ಗುಳಿಗೆಗಳನ್ನೆಲ್ಲ ಪೇಪರಿನ ಮೇಲೆ ಸುರಿದು ಎಣಿಸಿದರು. ಅವುಗಳಲ್ಲಿ ಏಳು ಗುಳಿಗೆ ಪೂರ್ತಿ ದುಂಡಗಿಲ್ಲ ಎಂದು ಪ್ರತ್ಯೇಕ ಪೊಟ್ಟಣ ಕಟ್ಟಿ ವಾಪಸ್ ಒಯ್ದರು. ಡಾಕ್ಟರು ಬಾಗಿಲಲ್ಲೇ ಕೈ ಮುಗಿದರಂತೆ.

ಆಮೇಲೆ ನೆಲಮಂಗಲದ ಕಡೆಯ ಪ್ರಕೃತಿ ಚಿಕಿತ್ಸೆ. ಮೂರು ದಿನದ ಶಿಬಿರ. ಹೊಟ್ಟೆಯ ಮೇಲೆ ತಣ್ಣನೆಯ ಮಣ್ಣು ಮೆತ್ತಿ, ಬೂದುಗುಂಬಳದ ರಸ ಕುಡಿಸಿ ಮಲಗಿಸಿದರು. ಎರಡನೆಯ ದಿನ ಮಧ್ಯಾಹ್ನ ನನಗೆ ಫೋನು ಬಂತು. ಶಿಬಿರದಿಂದಲ್ಲ, ಹೈವೇ ಪಕ್ಕದ ತಟ್ಟೆ ಇಡ್ಲಿ ಹೋಟೆಲಿನಿಂದ! ಬಾಯಿ ತುಂಬಿಕೊಂಡೇ ಮಾತಾಡುತ್ತಿದ್ದರು. “ಮಣ್ಣು ಜರಡಿ ಹಿಡಿದಿಲ್ಲ ಕಣಮ್ಮ. ಎರಡು ಕಲ್ಲು ಸಿಕ್ತು. ನಿಮ್ಮತ್ತೆಗೆ ಇದು ಬೇಡ.” ಹಾಗಾದರೆ ಇಡ್ಲಿ ಹೇಗಿದೆ ಮಾವ ಎಂದೆ. “ತಟ್ಟೆ ಚಿಕ್ಕದು” ಎಂದರು.

ಮೂರನೆಯದು ಅಕ್ಯುಪ್ರೆಷರ್ ಚಪ್ಪಲಿ. ಅಡಿಯಲ್ಲೆಲ್ಲ ಮುಳ್ಳು ಮುಳ್ಳು. ಅದನ್ನು ಹಾಕಿ ನಡೆದರೆ ಕಾಲಿನ ನರಗಳೆಲ್ಲ ಎಚ್ಚೆತ್ತು ಭುಜ ಸಡಿಲವಾಗುತ್ತದಂತೆ. ಸರಿ, ಗಟ್ಟಿಯಾದ ಪರೀಕ್ಷೆಯೇ ಆಗಲಿ ಎಂದು ಮಾವ ಅದನ್ನು ಮೆಟ್ಟಿಕೊಂಡು ಶಿವಗಂಗೆ ಬೆಟ್ಟ ಹತ್ತಿದರು. ಅರ್ಧ ಬೆಟ್ಟದಲ್ಲಿ ಕಾಲು ಉರಿದು, ಬಿಚ್ಚಿ ಪಕ್ಕಕ್ಕಿಟ್ಟು ಕೂತಾಗ ಒಂದು ಕೋತಿ ಬಂದು ಎಡಗಾಲಿನದನ್ನು ಎತ್ತಿಕೊಂಡು ಹೋಯಿತು. ಎರಡು ನಿಮಿಷಕ್ಕೆ ಅದೇ ಕೋತಿ ಚಪ್ಪಲಿಯನ್ನು ತಂದು ಅವರ ಮುಂದೆಯೇ ಬಿಸಾಕಿ ಹೋಯಿತಂತೆ. “ಕೋತಿನೇ ರಿಜೆಕ್ಟ್ ಮಾಡ್ತು” ಎಂದು ಮಾವ ಬಹಳ ದಿನ ಹೇಳಿಕೊಂಡು ಓಡಾಡಿದರು.

ಕೊನೆಗೆ ಸಿಕ್ಕವರು ಆಯುರ್ವೇದದ ಡಾಕ್ಟರಮ್ಮ. ನಮ್ಮ ಬೀದಿಯ ಸಮುದಾಯ ಭವನದಲ್ಲಿ ಮಂಗಳವಾರ, ಶುಕ್ರವಾರ ಕ್ಲಿನಿಕ್ಕು. ಬೆಂಗಳೂರಿನ ಒಂದು ಟ್ರಸ್ಟಿನವರು ನಡೆಸುವುದು. ಸಣ್ಣ ವಯಸ್ಸು, ಮೆತ್ತಗಿನ ಮಾತು, ಗಟ್ಟಿ ಕೈ. ಮಾವ ಸ್ಯಾಂಪಲ್ ಪೀಸಾಗಿ ಹೋಗಿ ಕೂತರು. ಆಕೆ ನಾಡಿ ನೋಡಿ, ನಾಲಗೆ ನೋಡಿ, “ನಿಮಗೇನೂ ಆಗಿಲ್ಲ ಯಜಮಾನ್ರೇ, ಏಳಿ. ಹಿಂದೆ ಹನ್ನೆರಡು ಜನ ಕಾಯ್ತಿದ್ದಾರೆ” ಎಂದು ಎಬ್ಬಿಸಿ ಕಳಿಸಿದರು. ಮಾವನಿಗೆ ಅವಮಾನವಾಗಬೇಕಿತ್ತು ತಾನೇ? ಅವರು ಕಣ್ಣರಳಿಸಿಕೊಂಡು ಮನೆಗೆ ಬಂದರು. “ಒಳ್ಳೇ ಪೀಸನ್ನ ಒಳ್ಳೇದು ಅಂದು ಪಕ್ಕಕ್ಕಿಟ್ರು ನೋಡು. ಅದು ಚೆಕಿಂಗು!” ಕ್ಲಿನಿಕ್ಕಿನ ಮುಂದಿನ ದಿನವೇ ಅತ್ತೆಯನ್ನು ಕರೆದೊಯ್ದರು.

ಎಣ್ಣೆ, ಬಿಸಿ ಸೊಪ್ಪಿನ ಗಂಟಿನ ಶಾಖ, ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸುವ ವ್ಯಾಯಾಮ. ಮೂರು ತಿಂಗಳಿಗೆ ಅತ್ತೆಯ ಕೈ ಎದೆಯಿಂದ ಭುಜಕ್ಕೆ ಬಂತು, ಐದನೆಯ ತಿಂಗಳಿಗೆ ಕಿವಿಯ ಹತ್ತಿರ. ಇನ್ನೊಂದು ಎರಡು ತಿಂಗಳು ತಪ್ಪಿಸದೆ ಬಂದರೆ ಪೂರ್ತಿ ಏಳುತ್ತದೆ, ನಡುವೆ ಬಿಟ್ಟರೆ ಮತ್ತೆ ಹಿಡಿದುಕೊಳ್ಳುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅಷ್ಟರಲ್ಲೇ ಟ್ರಸ್ಟಿನ ಪತ್ರ ಬಂತು. ರೋಗಿಗಳ ತೃಪ್ತಿಯ ಸಮೀಕ್ಷೆ ಮಾಡಿ ಕಳಿಸಿ, ಜನರಿಗೆ ಅಷ್ಟಾಗಿ ತೃಪ್ತಿ ಇಲ್ಲವಾದರೆ ಕ್ಲಿನಿಕ್ಕನ್ನು ದೇವನಹಳ್ಳಿಗೆ ಸಾಗಿಸುತ್ತೇವೆ, ಅಲ್ಲಿ ಹೊಸ ಬಡಾವಣೆಗಳ ಜನ ಕೇಳುತ್ತಿದ್ದಾರೆ ಎಂದು. ದೇವನಹಳ್ಳಿ ದೂರವೇನಲ್ಲ. ಆದರೆ ಕಂಬಿ ಹಿಡಿಯಲಾರದ ಕೈಯಲ್ಲಿ ಅತ್ತೆ ವಾರಕ್ಕೆರಡು ಸಲ ಬಸ್ಸು ಹತ್ತಿ ಇಳಿಯುವುದು ಆಗದ ಮಾತು.

ಸಮೀಕ್ಷೆಗೆ ಯಾರು? ಡಾಕ್ಟರಮ್ಮ ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾವನನ್ನು ಕೇಳಿದರು. “ನಾನೇ ಕೇಳಿದ್ರೆ ಜನ ದಾಕ್ಷಿಣ್ಯಕ್ಕೆ ಹೊಗಳ್ತಾರೆ. ನಿಮ್ಮಷ್ಟು ನಿಷ್ಠುರವಾದವರು ಈ ಊರಲ್ಲಿ ಬೇರೆ ಯಾರಿದ್ದಾರೆ?”

ಮಾವ ಇದನ್ನು ಹೊಗಳಿಕೆ ಎಂದುಕೊಂಡರು! ನಾನು ಗುಟ್ಟಾಗಿ ಡಾಕ್ಟರಮ್ಮನ ಹತ್ತಿರ ಹೋಗಿ, “ಮೇಡಂ, ಬೇಕಾದ್ರೆ ನನ್ನ ಒಂಬತ್ತನೇ ಕ್ಲಾಸಿನ ಹುಡುಗೀರನ್ನ ಕಳಿಸ್ತೀನಿ, ಇವರು ಬೇಡ” ಎಂದು ಗೋಗರೆದೆ. ಅಷ್ಟು ಹೊತ್ತಿಗೆ ಮಾವ ಟೇಪನ್ನು ಬಿಸಿನೀರಿನಲ್ಲಿ ತೊಳೆದು ಒಣಹಾಕಿ ಆಗಿತ್ತು.

ಟೇಪು ಯಾಕೆ ಎಂದಿರಾ? ಟ್ರಸ್ಟಿನವರು ಒಂದು ಫಾರಂ ಕಳಿಸಿದ್ದರು. ಅದರಲ್ಲಿ ಐದು ದುಂಡು ಮುಖಗಳ ಚಿತ್ರ, ಹಲ್ಲು ಕಿರಿಯುವ ಮುಖದಿಂದ ಹಿಡಿದು ಅಳುವ ಮುಖದವರೆಗೆ. ನಿಮಗೆ ಹೇಗನಿಸಿತೋ ಆ ಮುಖಕ್ಕೆ ಗುರುತು ಹಾಕಿ ಎಂದು. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಇದೇನು ಅಳತೆ? ಮುಖ ನೋಡಿ ಸೀರೆ ಪಾಸ್ ಮಾಡ್ತಾರಾ? ಅಳತೆ ಅಂದ್ರೆ ಇಂಚಲ್ಲಿ ಇರ್ಬೇಕು.”

“ತೃಪ್ತೀನ ಇಂಚಲ್ಲಿ ಹೇಗೆ ಮಾವ ಅಳೆಯೋದು?”

“ಕೈ ಅಗಲಿಸಿ ಎಷ್ಟು ಅಂತ ತೋರ್ಸ್ಲಿ. ನಾನು ಅಳೀತೀನಿ, ನೀನು ಬರ್ಕೋ. ಎರಡು ಕೈ ಪೂರ್ತಿ ಚಾಚಿದ್ರೆ ಅರವತ್ತು ಇಂಚು. ಅದು ಫುಲ್ ಮಾರ್ಕ್ಸು.”

ಹೀಗೆ ಹೊರಟಿತು ನಮ್ಮ ಮೆರವಣಿಗೆ. ಮುಂದೆ ಕೊರಳಲ್ಲಿ ಟೇಪು ಹಾಕಿಕೊಂಡ ಮಾವ, ಹಿಂದೆ ನೋಟ್ ಪುಸ್ತಕ ಹಿಡಿದ ನಾನು. ಬೀದಿಯ ಜನ ಬಾಗಿಲಿಗೆ ಬಂದು, “ಚೆಕಿಂಗಣ್ಣ ಮತ್ತೆ ಕೆಲಸಕ್ಕೆ ಸೇರಿದ್ರಾ?” ಎಂದು ಕೇಳುವವರೇ.

ಮೊದಲ ಮನೆ ಒಬ್ಬ ಅಜ್ಜಿಯದು. ಮೊದಲು ಮಗ್ಗ ನೇಯುತ್ತಿದ್ದವರು. ಸೊಂಟ ನೋವಿನಿಂದ ಎದ್ದು ಕೂರಲಾಗದೆ ಇದ್ದವರು ಈಗ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಚಕ್ಕುಲಿ ಒತ್ತುತ್ತಿದ್ದರು. ಮಾವನ ಟೇಪು ಕಂಡದ್ದೇ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

“ಡಾಕ್ಟರಮ್ಮನ ಚಿಕಿತ್ಸೆ ಚೆಕ್ ಮಾಡೋಕೆ ಬಂದಿದ್ದೀನಿ. ಎಷ್ಟು ಇಂಚು, ತೋರ್ಸಿ” ಎಂದರು ಮಾವ.

ಅಜ್ಜಿ ಯೋಚಿಸಿ, ಎರಡು ಬೆರಳಿನ ನಡುವೆ ಚೂರೇ ಚೂರು ಜಾಗ ಬಿಟ್ಟು, ಹೆಮ್ಮೆಯಿಂದ ತೋರಿಸಿದರು. ಎರಡು ಇಂಚು! ಮಾವನ ಮುಖ ಹುಳ್ಳಗಾಯಿತು. ಅಜ್ಜಿ ಮಾತ್ರ ಮುಖದ ತುಂಬ ನಕ್ಕು ನಮ್ಮಿಬ್ಬರಿಗೂ ಬಿಸಿ ಚಕ್ಕುಲಿ ಕೊಟ್ಟರು. ಅರವತ್ತಕ್ಕೆ ಎರಡು ಕೊಟ್ಟು ಚಕ್ಕುಲಿ ಬೇರೆ ಕೊಡುತ್ತಾರಲ್ಲ, ಎಂಥ ಗಟ್ಟಿ ಗುಂಡಿಗೆ ಎಂದುಕೊಂಡೆ ನಾನು.

ಎರಡನೆಯ ಮನೆಯಲ್ಲಿ ಮಂಡಿನೋವಿನವರು, ಮೂರು ಇಂಚು. ಬೀಳ್ಕೊಡಲು ಬೀದಿ ತುದಿಯವರೆಗೂ ದಬದಬ ನಡೆದುಕೊಂಡು ಬಂದರು. ಮೂರನೆಯ ಮನೆಯಲ್ಲಿ ಒಂದೂವರೆ. ನಾಲ್ಕನೆಯವರು ಇನ್ನೂ ಕಡಿಮೆ ತೋರಿಸಲು ಹೋಗಿ ಎರಡು ಅಂಗೈಯನ್ನೂ ಜೋಡಿಸಿಬಿಟ್ಟರು. “ಏನು, ನಮಸ್ಕಾರಾನಾ ಸೊನ್ನೆಯಾ?” ಎಂದು ಮಾವ ಗದರಿದರು. “ಸೊನ್ನೆನೇ ಅಣ್ಣ, ದೇವರಾಣೆಗೂ ಸೊನ್ನೆ!” ಎಂದು ಅವರು ಆನಂದಬಾಷ್ಪ ಸುರಿಸಿದರು. ನಮ್ಮೂರ ಜನಕ್ಕೆ ಇಷ್ಟು ಕೃತಘ್ನತೆ ಎಲ್ಲಿಂದ ಬಂತು ಅಂತ ನನಗೆ ಮೈಯೆಲ್ಲ ಉರಿಯಿತು.

ದೊಡ್ಡ ಅಂಕಿ ಸಿಕ್ಕಿದ್ದು ಇಬ್ಬರಲ್ಲಿ ಮಾತ್ರ. ಒಬ್ಬರು ಡಾಕ್ಟರಮ್ಮ ಕಾಫಿ ಬಿಡಿಸಿದರೆಂದು ಬೆಂಕಿಯಾಗಿದ್ದ ಹೆಂಗಸು. “ಎಷ್ಟು ಅಂತ ತೋರಿಸ್ಲಾ? ತೋರಿಸ್ಲಾ?” ಎಂದು ಕೈ ಬೀಸಿದ ರಭಸಕ್ಕೆ ಬಾಗಿಲ ದಾರಂದಕ್ಕೆ ಬಡಿದು ಬಳೆ ಒಡೆಯಿತು. ಐವತ್ನಾಲ್ಕು! ಮಾವ ಸಂತೋಷದಿಂದ ಎರಡು ಸಲ ಅಳೆದರು. ಇನ್ನೊಬ್ಬ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವ ಹುಡುಗ, ಕತ್ತು ನೋವಿನವನು, ಬಾಗೇಪಲ್ಲಿ ಕಡೆಯಿಂದ ಬಂದು ಬಾಡಿಗೆಗಿದ್ದವನು. “ಸೂಪರ್ ಗುರು! ಎಣ್ಣೆ ಹಚ್ತಿದ್ಹಾಗೇ ನಿದ್ದೆ ಹೊಡೆದ್ಬಿಟ್ಟೆ. ಫೈವ್ ಸ್ಟಾರ್!” ಎಂದು ಎರಡು ಕೈಯನ್ನೂ ಗರುಡನ ಹಾಗೆ ಚಾಚಿದ. ಅರವತ್ತಕ್ಕೆ ಅರವತ್ತು.

ಮೂವತ್ತೊಂಬತ್ತು ಮನೆ ಸುತ್ತಿ ಸರಾಸರಿ ತೆಗೆದೆ. ಆರು ಇಂಚು. ಅರವತ್ತಕ್ಕೆ ಆರು! ನಮ್ಮ ಸ್ಕೂಲಿನಲ್ಲಿ ಇಷ್ಟು ಅಂಕ ತೆಗೆದವರ ತಂದೆತಾಯಿಯನ್ನು ಕರೆಸುತ್ತೇವೆ.

“ಮಾವ, ಆರರ ಪಕ್ಕ ಒಂದು ಸೊನ್ನೆ ಇಡ್ಲಾ?” ಎಂದು ಮೆಲ್ಲಗೆ ಕೇಳಿದೆ. ಲೆಕ್ಕದ ಟೀಚರಾಗಿ ಇಂಥ ಮಾತು ಆಡಿದ್ದಕ್ಕೆ ನನಗೆ ನಾಚಿಕೆ ಇಲ್ಲ. ಅತ್ತೆಯ ಕೈ ನನ್ನ ಕಣ್ಣ ಮುಂದೆ ಇತ್ತು.

“ಮೂವತ್ತೈದು ವರ್ಷದಲ್ಲಿ ಒಂದು ಡ್ಯಾಮೇಜ್ ಪೀಸನ್ನ ಪಾಸ್ ಮಾಡಿದವನಲ್ಲ ನಾನು” ಎಂದರು ಮಾವ.

ಅತ್ತೆಗೆ ವಿಷಯ ತಿಳಿದಾಗ ಮನೆಯಲ್ಲಿ ಮಹಾಭಾರತ. “ಊರೋರನ್ನೆಲ್ಲ ಕೇಳಿದ್ರಿ. ನನ್ನ ಕೇಳಿದ್ರಾ? ಕಿವಿ ಮಟ್ಟಕ್ಕೆ ಬಂದಿರೋ ಈ ಕೈ ನಿಮ್ಮ ಕಣ್ಣಿಗೆ ಕಾಣ್ಲಿಲ್ವಾ?”

“ಮನೆಯವರ ಮಾತು ಲೆಕ್ಕಕ್ಕಿಲ್ಲ. ಪಕ್ಷಪಾತ ಆಗತ್ತೆ.”

“ಪಕ್ಷಪಾತ! ನನ್ನ ಪಕ್ಷಕ್ಕೆ ನೀವು ಯಾವತ್ತು ಬಂದಿದ್ರಿ ಅಂತ?”

ಮಾವ ಊಟಕ್ಕೆ ಕೂತರು. ಎರಡು ತುತ್ತು ತಿಂದು ಎದ್ದರು. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ, ಅತ್ತೆ ಬೇಕೆಂದೇ ಬಿಟ್ಟಿದ್ದರು. ಮಾವ ಅದನ್ನು ಗಮನಿಸಲೂ ಇಲ್ಲ. ಅಡುಗೆಯಲ್ಲಿ ತಪ್ಪು ಹುಡುಕದೆ ಅವರು ತಟ್ಟೆ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ನಿಜವಾಗಿ ಹೆದರಿಕೆಯಾಯಿತು. ಆರು ಇಂಚಿನ ಆ ವರದಿ ತನ್ನ ಹೆಂಡತಿಯ ಕೈಯನ್ನು ಮತ್ತೆ ಕೆಳಗಿಳಿಸುತ್ತದೆ ಎಂದು ಗೊತ್ತಿದ್ದೂ ಮಾವ ಮರುದಿನ ಅದನ್ನು ಡಾಕ್ಟರಮ್ಮನ ಕೈಗೆ ಕೊಟ್ಟು ಬಂದರು. ಆಕೆ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, “ನನ್ನ ಕೈಗುಣವೇ ಸರಿ ಇಲ್ಲ ಅನ್ಸತ್ತೆ ಯಜಮಾನ್ರೇ” ಎಂದರಂತೆ.

ಮುಂದಿನ ಶುಕ್ರವಾರ ಟ್ರಸ್ಟಿನ ಅಧಿಕಾರಿ ಬಂದರು. ಸಮುದಾಯ ಭವನದಲ್ಲಿ ರೋಗಿಗಳೆಲ್ಲ ಸೇರಿದ್ದರು. ಅಧಿಕಾರಿ ನಮ್ಮ ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇಂಚಲ್ಲಿ ಯಾಕಿದೆ ಅಂತ ನಂಗೆ ಗೊತ್ತಾಗ್ಲಿಲ್ಲ. ಹೋಗ್ಲಿ, ಅರವತ್ತಕ್ಕೆ ಆರು. ಯಾರಿಗೂ ತೃಪ್ತಿ ಇಲ್ಲ ಅಂತಾಯ್ತು. ಮುಂದಿನ ತಿಂಗಳಿಂದ ಕ್ಲಿನಿಕ್ಕು ದೇವನಹಳ್ಳೀಲಿ” ಎಂದರು.

ಸಭೆಯಲ್ಲಿ ಎಲ್ಲ ಮಗ್ಗ ಒಟ್ಟಿಗೆ ಶುರುವಾದ ಹಾಗೆ ಗಲಾಟೆ! “ಯಾರ್ ಹೇಳಿದ್ದು ತೃಪ್ತಿ ಇಲ್ಲ ಅಂತ?” “ನಾನ್ ಹೇಳಿಲ್ಲಪ್ಪ!” “ನಾನೂ ಹೇಳಿಲ್ಲ!”

ಚಕ್ಕುಲಿ ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ಎದ್ದು ನಿಂತರು. “ಸ್ವಾಮೀ, ನಾನು ಎರಡೇ ಇಂಚು ತೋರ್ಸಿದ್ದು!”

“ಅದೇ ಅಮ್ಮಾ. ಎರಡೇ ಇಂಚು.”

“ಎರಡೇ ಇಂಚು ನೋವು ಉಳಿದಿರೋದು ಅಂತ! ಅಷ್ಟುದ್ದ ಇತ್ತು, ಎರಡಿಂಚಿಗೆ ಇಳಿಸಿದ್ದಾರೆ ಆ ತಾಯಿ. ಇನ್ನೇನು ಬೇಕು?”

“ಆದ್ರೆ ಇವರು ಕೇಳಿದ್ದು ತೃಪ್ತಿ...”

ಅಜ್ಜಿ ಮಾವನ ಕಡೆ ತಿರುಗಿದರು. “ಚೆಕಿಂಗಣ್ಣ ಟೇಪು ಹಿಡ್ಕೊಂಡು ಬಂದು ಎಷ್ಟು ಇಂಚು ಅಂದ್ರೆ ನಾವು ಏನಂತ ತಿಳ್ಕೋಬೇಕು? ಜನ್ಮದಲ್ಲಿ ಯಾವತ್ತಾದ್ರೂ ಸರಿಯಾಗಿರೋದನ್ನ ಅಳೆದಿದ್ದಾರಾ ಈ ಪುಣ್ಯಾತ್ಮ? ತಪ್ಪನ್ನ ತಾನೇ ಅಳೆಯೋದು! ಅದಕ್ಕೇ ಎಲ್ಲರೂ ಕಮ್ಮಿ ಕಮ್ಮಿ ತೋರ್ಸಿದ್ವಿ, ಡಾಕ್ಟರಮ್ಮ ಪಾಸಾಗ್ಲಿ ಅಂತ!”

“ಹೌದೌದು!” ಎಂದಿತು ಸಭೆ. ಮಂಡಿನೋವಿನವರು, ಸೊನ್ನೆಯವರು, ಎಲ್ಲರೂ. ಕಾಫಿ ಕಳೆದುಕೊಂಡ ಹೆಂಗಸು ಮಾತ್ರ ಹಿಂದಿನಿಂದ, “ನನ್ನ ಐವತ್ನಾಲ್ಕು ಐವತ್ನಾಲ್ಕೇ! ಅಷ್ಟೂ ಕೋಪ!” ಎಂದು ಕೂಗಿದರು. ಕ್ಯಾಬಿನ ಹುಡುಗ ಎದ್ದು, “ಬ್ರೋ, ನಂಗೆ ಈ ಸೀರೆ ಲೆಕ್ಕ ಎಲ್ಲಾ ಗೊತ್ತಿಲ್ಲ, ನಂದು ಖುಷಿದೇ ಅರವತ್ತು!” ಎಂದ. ಅಧಿಕಾರಿ ತಲೆ ಮೇಲೆ ಕೈ ಹೊತ್ತು ಕೂತರು.

ನಾನು ಮಾವನನ್ನು ನೋಡಿದೆ. ಗೋಡೆಗೆ ಒರಗಿ ನಿಂತಿದ್ದವರು ಮೆಲ್ಲಗೆ ವೇದಿಕೆಗೆ ಬಂದರು. ಕೊರಳಿನ ಟೇಪು ತೆಗೆದು ಸುತ್ತಿ ಜೇಬಿಗೆ ಹಾಕಿದರು. “ಪೀಸಲ್ಲಿ ತಪ್ಪಿಲ್ಲ ಸ್ವಾಮಿ. ಚೆಕಿಂಗಲ್ಲಿ ತಪ್ಪು. ನನ್ನದು” ಎಂದರು. ಮೂವತ್ತೈದು ವರ್ಷ ಇವರ ಕೆಂಪು ದಾರಕ್ಕೆ ನಡುಗಿದ ಜನ ಚಪ್ಪಾಳೆ ತಟ್ಟಲೂ ಮರೆತು ಕೂತಿದ್ದರು. ಆ ಹೊತ್ತಿನಲ್ಲಿ ನನಗೆ ಮಾವನ ಮೇಲೆ ಬಹಳ ಪ್ರೀತಿ ಬಂತು. ಅದನ್ನು ಹೇಳಿದರೆ ಅದರಲ್ಲೂ ಏನಾದರೂ ತಪ್ಪು ಹುಡುಕಿಯಾರೆಂದು ಸುಮ್ಮನಿದ್ದೆ.

ಅಧಿಕಾರಿ ಹದಿನೈದು ದಿನ ಗಡುವು ಕೊಟ್ಟರು. ಈ ಸಲ ಟೇಪು ಕೂಡದು, ಆ ಮುಖಗಳ ಫಾರಂ ಮಾತ್ರ, ಮನೆಯವರು ಎಂದು ಯಾರನ್ನೂ ಬಿಡುವಂತಿಲ್ಲ, “ನಿಮಗೆ ಏನು ಚೆನ್ನಾಗಿದೆ ಅನಿಸಿತು?” ಎಂದೇ ಕೇಳಬೇಕು ಎಂದರು. ಕೇಳಬೇಕಾದ ಆ ಮಾತನ್ನು ಮಾವನಿಂದ ಹೇಳಿಸುವುದೇ ಒಂದು ಚಿಕಿತ್ಸೆಯಾಯಿತು!

“ಹೇಳಿ ಮಾವ. ಏನು ಚೆನ್ನಾಗಿದೆ?”

“ಏನು... ಕೆಟ್ಟಿಲ್ಲ?”

“ಚೆನ್ನಾಗಿದೆ!”

“ಏನು ಪರವಾಗಿಲ್ಲ?”

ಮೂರು ದಿನ ತಾಲೀಮು ಮಾಡಿಸಿದೆ. ಕೊನೆಗೆ ಹೇಗೋ ಬಾಯಿ ತಿರುಗಿತು. ಆದರೆ ಆ ಮಾತು ಆಡುವಾಗ ಅವರ ಮುಖ ಕಷಾಯ ಕುಡಿದ ಹಾಗಾಗುತ್ತಿತ್ತು. ಅದನ್ನು ನೋಡಿಯೇ ನಗು ತಡೆಯಲಾರದೆ ಅರ್ಧ ಜನ ಹಲ್ಲು ಕಿರಿಯುವ ಮುಖಕ್ಕೆ ಗುರುತು ಹಾಕಿದರು ಎಂದು ನನ್ನ ಗುಮಾನಿ. ಕಾಫಿಯ ಹೆಂಗಸು ಮಾತ್ರ ಅಳುವ ಮುಖವನ್ನು ಸುತ್ತಿ ಸುತ್ತಿ ಪೆನ್ನಿನಿಂದ ಪೇಪರು ತೂತು ಮಾಡಿದರು. ಹೇಗೋ ಆಗಲಿ, ಕ್ಲಿನಿಕ್ಕು ಉಳಿಯಿತು. ಟ್ರಸ್ಟಿನವರು ಫೋನು ಮಾಡಿ ಹೇಳಿದರು. ಉಳಿದ ಫಾರಂಗಳನ್ನು ಸುಮ್ಮನೆ ದಾಖಲೆಗೆ ಕಳಿಸಿ ಎಂದರು. ಉಳಿದದ್ದು ಒಂದೇ, ಅತ್ತೆಯದು.

ಅದನ್ನು ತುಂಬಿಸಿಕೊಳ್ಳಲು ಒಂದು ಬೆಳಗ್ಗೆ ಸ್ಕೂಲಿಗೆ ಹೋಗುವ ಮೊದಲು ಅವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಅತ್ತೆ ನಿಂತಿದ್ದರು. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿಯನ್ನು ಇಳಿಸುತ್ತಿದ್ದರು, ಬಲಗೈಯಲ್ಲಿ! ಕೈ ನೆಟ್ಟಗೆ ತಲೆಗಿಂತ ಒಂದು ಮೊಳ ಮೇಲಿತ್ತು.

“ಅತ್ತೇ! ಕೈ!”

“ಶ್! ಮೆತ್ತಗೆ ಕಣೇ!” ಜಾಡಿಯನ್ನು ಗಡಿಬಿಡಿಯಲ್ಲಿ ಕಟ್ಟೆಯ ಮೇಲಿಟ್ಟು, ಹಿತ್ತಲ ಕಡೆ ಇಣುಕಿ ನೋಡಿದರು. ಮಾವ ಅಲ್ಲಿ ಸ್ನಾನ ಮಾಡುತ್ತಿದ್ದ ಸದ್ದು ಕೇಳಿಸುತ್ತಿತ್ತು.

“ಯಾವಾಗಿಂದ ಅತ್ತೆ?”

“ಹೋದ ವಾರದಿಂದ. ಪೂರ್ತಿ ಎದ್ಬಿಡ್ತು.”

“ಮತ್ತೆ ಮಾವನಿಗೆ ಹೇಳಿಲ್ವಾ? ಪಾಪ, ಎಷ್ಟು ಒದ್ದಾಡಿದ್ರು!”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಅವರ ಮುಖ ಕೆಂಪಗಾದದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. “ಕೈ ಏಳದೇ ಇದ್ದಾಗಿಂದ ನನ್ನ ಜಡೆ ಅವರೇ ಹಾಕೋದು ಕಣೇ. ಎರಡು ವರ್ಷ ಆಯ್ತು. ಯಾರಿಗೂ ಹೇಳ್ಬೇಡ ಅಂದಿದ್ರು. ದಿನಾ ಬೆಳಗ್ಗೆ ಅರ್ಧ ಗಂಟೆ ಹಿಂದೆ ಕೂತು, ಬೈಯದೇ, ಸುಮ್ನೆ ತಲೆ ಬಾಚ್ತಾರೆ. ಕೈ ಸರಿಹೋಯ್ತು ಅಂದ್ರೆ ನಿಂತ್ಹೋಗತ್ತಲ್ಲ?”

ಅಷ್ಟರಲ್ಲಿ ಮಾವ ಒಂದು ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು, ಇನ್ನೊಂದು ಕೈಯಲ್ಲಿ ಬಾಚಣಿಗೆ ಹಿಡಿದು ಬಂದರು. ನನ್ನನ್ನು ಕಂಡು ಬಾಚಣಿಗೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಳ್ಳಲು ನೋಡಿದರು. ಆಗಲಿಲ್ಲ. ಕೊನೆಗೆ, “ನೀನು ಆ ಕಡೆ ತಿರುಗಿ ಕೂತ್ಕೋ” ಎಂದು ನನಗೇ ಗದರಿಸಿ, ಮಣೆಯ ಮೇಲೆ ಕೂತ ಅತ್ತೆಯ ಹಿಂದೆ ಕೂತರು. ನಾನು ತಿರುಗಿದಂತೆ ಮಾಡಿ ನೋಡುತ್ತಿದ್ದೆ. ಎಷ್ಟು ನಿಧಾನ, ಎಷ್ಟು ಹಗುರ ಆ ಬೆರಳುಗಳು! ಸಿಕ್ಕು ಬಂದಲ್ಲಿ ಎಳೆಯದೆ ಬುಡದಲ್ಲಿ ಹಿಡಿದು ಬಿಡಿಸುತ್ತಿದ್ದರು. ಅತ್ತೆಯ ಬಲಗೈ ಏನೂ ಅರಿಯದ ಹಾಗೆ ಮಡಿಲಲ್ಲಿ ಮಲಗಿತ್ತು.

ನಾನು ಫಾರಂ ತೆಗೆದೆ. ಮಾವ ತಲೆ ಎತ್ತದೆ, ಮೂರು ಕಾಲಿನ ಜಡೆ ಹೆಣೆಯುತ್ತಲೇ ಕೇಳಿದರು.

“ಕೈ ಇನ್ನೂ ನೋಯತ್ತಾ?”

“ಹೂಂ” ಎಂದರು ಅತ್ತೆ. “ಇನ್ನೂ ಸ್ವಲ್ಪ ಇದೆ.”

ನನ್ನ ಕಣ್ಣು ತುಂಬಿ ಬಂತು. ಫಾರಂನಲ್ಲಿ ಅತ್ತೆ ಹೇಳಿದ್ದನ್ನೇ ಬರೆದುಕೊಂಡೆ.

“ಇರ್ಲಿ ಬಿಡು” ಎಂದರು ಮಾವ. “ಅವಸರ ಏನಿಲ್ಲ. ನಾನಿದ್ದೀನಲ್ಲ.”